ಮನೆಯ ಕಾರ್ಯಾಗಾರಕ್ಕೆ ಪುಟ್ಟ ಲೇತ್: ಕೊಳ್ಳುವ ಮುನ್ನ ತಿಳಿದಿರಲಿ

ಚಂದಾಪುರ: ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಹೆಬ್ಬಗೋಡಿ, ಬೊಮ್ಮಸಂದ್ರಗಳನ್ನು ಹಿಂದೆ ಬಿಟ್ಟು ಬಂದರೆ ಸಿಗುವ ಕೂಡುರಸ್ತೆಯ ಊರು ಚಂದಾಪುರ. ಆನೇಕಲ್ ತಾಲ್ಲೂಕಿನ ಈ ಊರಿನಲ್ಲಿ ಎರಡು ಬಗೆಯ ದುಡಿಮೆಗಳು ಪ್ರತಿದಿನ ಎದುರುಬದುರಾಗುತ್ತವೆ. ಒಂದೆಡೆ ಕಂಪ್ಯೂಟರ್ ಮುಂದೆ ದಿನ ಕಳೆಯುವ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳು. ಇನ್ನೊಂದೆಡೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಕೈಗಾರಿಕಾ ಪ್ರದೇಶಗಳ ಶೆಡ್ಡುಗಳಲ್ಲಿ ಕಬ್ಬಿಣ ಕಡೆಯುವ ಕಾರ್ಮಿಕರು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಓಡತೊಡಗಿದ ಬಳಿಕ ಈ ಭಾಗ ನಗರಕ್ಕೆ ಇನ್ನಷ್ಟು ಹತ್ತಿರವಾಗಿದೆ.

ಈ ಎರಡೂ ವರ್ಗದವರಲ್ಲಿ ಕೆಲವರಿಗೆ ಒಂದು ಆಸೆ ಸಮಾನವಾಗಿರುತ್ತದೆ. ಅದು ಮನೆಯ ಕಾರ್ ಶೆಡ್ಡಿನಲ್ಲೋ ಹಿತ್ತಲಿನ ಕೋಣೆಯಲ್ಲೋ ತಮ್ಮದೇ ಆದ ಒಂದು ಲೇತ್ ಇರಬೇಕೆಂಬುದು. ನಿವೃತ್ತ ಟರ್ನರ್‌ಗೆ ಅದು ಕೈಕಸುಬನ್ನು ಬಿಡದಿರುವ ದಾರಿ. ಎಂಜಿನಿಯರ್‌ಗೆ ಮಾದರಿ ಎಂಜಿನ್, ದೂರದರ್ಶಕದ ಬಿಡಿಭಾಗ, ಹಳೆಯ ಬೈಕಿನ ಬುಷ್‌ಗಳನ್ನು ತಾನೇ ಮಾಡಿಕೊಳ್ಳುವ ಹವ್ಯಾಸ. ಪಾಲಿಟೆಕ್ನಿಕ್ ವಿದ್ಯಾರ್ಥಿಗೆ ಪಠ್ಯದಲ್ಲಿ ಓದಿದ್ದನ್ನು ಕೈಯಾರೆ ಕಲಿಯುವ ಅವಕಾಶ. ಆದರೆ ಆತುರದ ಖರೀದಿಯಲ್ಲಿ ಕೈಸುಟ್ಟುಕೊಂಡರೆ ಹೋಗುವುದು ವರ್ಷಗಳ ಉಳಿತಾಯ; ಯಂತ್ರದ ಮುಂದೆ ಎಚ್ಚರ ತಪ್ಪಿದರೆ ಹೋಗುವುದು ಬೆರಳು. ಆದ್ದರಿಂದ ಲೇತ್ ಆಯ್ಕೆಯ ಮುಖ್ಯ ಅಂಶಗಳನ್ನು ಇಲ್ಲಿ ಒಂದೆಡೆ ನೀಡಲಾಗಿದೆ.

ಕಡೆಯುವ ಕಲೆ

ಕಡೆಯುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಬೇಲೂರು, ಹಳೇಬೀಡುಗಳ ಹೊಯ್ಸಳ ದೇಗುಲಗಳಲ್ಲಿ ಕನ್ನಡಿಯಂತೆ ಹೊಳೆಯುವ ದುಂಡು ಕಂಬಗಳನ್ನು ತಿರುಗಿಸಿಯೇ ಕಡೆದಿರಬೇಕೆಂಬುದು ವಿದ್ವಾಂಸರ ಅಭಿಪ್ರಾಯ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳು ಮರದ ಲೇತ್‌ನ ಮೇಲೆಯೇ ಹುಟ್ಟುತ್ತವೆ. ಲೋಹದ ಲೇತ್‌ಗೆ ಈಗಿನ ರೂಪ ಕೊಟ್ಟವರಲ್ಲಿ ಪ್ರಮುಖ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲಿ. ಸುಮಾರು 1800ರ ವೇಳೆಗೆ ಆತ ನಿರ್ಮಿಸಿದ ಯಂತ್ರದಲ್ಲಿ ಉಳಿಯನ್ನು ಕೈಯಲ್ಲಿ ಹಿಡಿಯುವ ಬದಲು ಜಾರುಹಳಿಯ ಮೇಲೆ ಕೂರಿಸಿ, ಉದ್ದನೆಯ ಸ್ಕ್ರೂ ಒಂದರಿಂದ ನಡೆಸುವ ವ್ಯವಸ್ಥೆಯಿತ್ತು. ಇಂದಿಗೂ ಪುಟ್ಟ ಲೇತ್ ಆಗಲಿ ದೊಡ್ಡ ಲೇತ್ ಆಗಲಿ ಕೆಲಸ ಮಾಡುವುದು ಈ ತತ್ವದ ಮೇಲೆಯೇ. ಎಡಗಡೆಯ ಹೆಡ್‌ಸ್ಟಾಕ್‌ನಲ್ಲಿರುವ ಸ್ಪಿಂಡಲ್ ಲೋಹವನ್ನು ತಿರುಗಿಸುತ್ತದೆ. ಬೆಡ್ ಮೇಲೆ ಸರಿದಾಡುವ ಸ್ಯಾಡಲ್ ಉಳಿಯನ್ನು ಹೊತ್ತು ಸಾಗುತ್ತದೆ. ಬಲಗಡೆಯ ಟೇಲ್‌ಸ್ಟಾಕ್ ಉದ್ದನೆಯ ಕಂಬಿಗೆ ಆಸರೆ ನೀಡುತ್ತದೆ.

ಮೊದಲು ಕೆಲಸ, ಅನಂತರ ಯಂತ್ರ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ನೀವು ಮಾಡಬೇಕೆಂದಿರುವ ಹತ್ತು ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಗರಿಷ್ಠ ವ್ಯಾಸ, ಉದ್ದ ಮತ್ತು ಲೋಹ ಯಾವುದೆಂಬುದನ್ನು ನಮೂದಿಸಿ. ಪಟ್ಟಿಯಲ್ಲಿ ಹೆಚ್ಚಿನವು 50 ಮಿಲಿಮೀಟರ್ ವ್ಯಾಸದ ಒಳಗಿನ ಹಿತ್ತಾಳೆ, ಅಲ್ಯೂಮಿನಿಯಂ, ಮೆದು ಉಕ್ಕಿನ ತುಂಡುಗಳೇ ಆಗಿರುವುದು ಕಂಡುಬರುತ್ತದೆ. ಬೈಕಿನ ಬ್ರೇಕ್ ಡ್ರಮ್, ಪಂಪಿನ ಉದ್ದನೆಯ ಶಾಫ್ಟ್‌ನಂತಹ ದೊಡ್ಡ ಕೆಲಸಗಳು ಒಂದೋ ಎರಡೋ ಇರುತ್ತವೆ.

ಇಲ್ಲಿಯೇ ಅನೇಕರು ಎಡವುತ್ತಾರೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸಕ್ಕಾಗಿ ಮನೆಯಲ್ಲಿ ಹಿಡಿಯದ ಯಂತ್ರವನ್ನು ತರುತ್ತಾರೆ. ಕುಗ್ರಾಮದಲ್ಲಿರುವ ಹವ್ಯಾಸಿಗೆ ಅದು ಅನಿವಾರ್ಯವಾಗಬಹುದು. ಚಂದಾಪುರ, ಪೀಣ್ಯ ಅಥವಾ ವೈಟ್‌ಫೀಲ್ಡ್ ಸುತ್ತಮುತ್ತ ವಾಸಿಸುವವರ ಪರಿಸ್ಥಿತಿ ಬೇರೆ. ದೊಡ್ಡ ಲೇತ್‌ಗಳಲ್ಲಿ ಜಾಬ್ ವರ್ಕ್ ಮಾಡಿಕೊಡುವ ಕಾರ್ಯಾಗಾರಗಳು ಇಲ್ಲಿ ಕೈಗೆಟಕುವ ದೂರದಲ್ಲಿವೆ. ದೊಡ್ಡ ತುಂಡನ್ನು ಅಲ್ಲಿ ಕಡೆಸಿಕೊಂಡು, ಉಳಿದ ಸೂಕ್ಷ್ಮ ಕೆಲಸವನ್ನು ಮನೆಯಲ್ಲಿ ಮುಗಿಸಬಹುದು. ಪಟ್ಟಿಯ ಹತ್ತರಲ್ಲಿ ಎಂಟು ಕೆಲಸಗಳನ್ನು ಚೆನ್ನಾಗಿ ಮಾಡುವ ಲೇತ್, ಹತ್ತನ್ನೂ ಅರೆಬರೆಯಾಗಿ ಮಾಡುವ ಲೇತ್‌ಗಿಂತ ಮೇಲು. ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿ ಮನೆಯಿರುವವರು ನೆನಪಿಡಬೇಕಾದ ಮೊದಲ ಮಾತಿದು.

ಅಳತೆಯ ಭಾಷೆ ಅರಿಯಿರಿ

ಲೇತ್‌ನ ಗಾತ್ರವನ್ನು ಹೇಳುವ ರೂಢಿ ಎಲ್ಲೆಡೆ ಒಂದೇ ಅಲ್ಲ. ನಮ್ಮ ಮಾರುಕಟ್ಟೆಯಲ್ಲಿ ಬೆಡ್‌ನ ಉದ್ದವನ್ನು ಅಡಿಗಳಲ್ಲಿ ಹೇಳುತ್ತಾರೆ. ನಾಲ್ಕೂವರೆ ಅಡಿ, ಆರು ಅಡಿ ಲೇತ್ ಎಂದರೆ ಬೆಡ್ ಅಷ್ಟು ಉದ್ದವಿದೆ ಎಂದಷ್ಟೇ ಅರ್ಥ. ಅಷ್ಟುದ್ದದ ಕಂಬಿಯನ್ನು ಅದು ಹಿಡಿಯುತ್ತದೆ ಎಂದಲ್ಲ. ಹೆಡ್‌ಸ್ಟಾಕ್ ಮತ್ತು ಟೇಲ್‌ಸ್ಟಾಕ್‌ಗಳೇ ಬೆಡ್‌ನ ದೊಡ್ಡ ಪಾಲನ್ನು ಆಕ್ರಮಿಸುತ್ತವೆ. ಆದ್ದರಿಂದ ಎರಡು ಸೆಂಟರ್‌ಗಳ ನಡುವಿನ ಅಂತರ ಎಷ್ಟೆಂದು ಕೇಳಿ ತಿಳಿಯಬೇಕು.

ಎರಡನೆಯದು ವ್ಯಾಸದ ಅಳತೆ. ಬ್ರಿಟಿಷ್ ಮತ್ತು ಭಾರತೀಯ ರೂಢಿಯಲ್ಲಿ ಬೆಡ್‌ನಿಂದ ಸೆಂಟರ್‌ವರೆಗಿನ ಎತ್ತರವನ್ನು ಹೇಳಿದರೆ, ಅಮೆರಿಕ ಮತ್ತು ಚೀನಾದ ರೂಢಿಯಲ್ಲಿ ಅದರ ಎರಡರಷ್ಟನ್ನು, ಅಂದರೆ ತಿರುಗಿಸಬಹುದಾದ ಗರಿಷ್ಠ ವ್ಯಾಸವನ್ನು ಸ್ವಿಂಗ್ ಎಂದು ಹೇಳುತ್ತಾರೆ. ಮೂರೂವರೆ ಇಂಚು ಸೆಂಟರ್ ಎತ್ತರದ ಲೇತ್ ಮತ್ತು ಏಳು ಇಂಚು ಸ್ವಿಂಗ್‌ನ ಲೇತ್ ಒಂದೇ ಗಾತ್ರದವು. ಇದನ್ನು ಅರಿಯದೆ ಎರಡು ಬೆಲೆಪಟ್ಟಿಗಳನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮೂರನೆಯ ಅಳತೆಯನ್ನು ಮಾರಾಟಗಾರರು ಹೆಚ್ಚಾಗಿ ಹೇಳುವುದಿಲ್ಲ. ಅದು ಕ್ರಾಸ್ ಸ್ಲೈಡ್ ಮೇಲಿನ ಸ್ವಿಂಗ್. 180 ಮಿಲಿಮೀಟರ್ ಸ್ವಿಂಗ್‌ನ ಚೀನೀ ಮಿನಿ ಲೇತ್‌ನಲ್ಲಿ ಕ್ರಾಸ್ ಸ್ಲೈಡ್ ಮೇಲೆ ಹಾದುಹೋಗುವ ತುಂಡಿನ ವ್ಯಾಸ ಸುಮಾರು 110 ಮಿಲಿಮೀಟರ್ ಮಾತ್ರ. ಅದಕ್ಕಿಂತ ದಪ್ಪನೆಯ ತಟ್ಟೆಯನ್ನು ಚಕ್‌ಗೆ ಹಿಡಿದು ಮುಖ ಕಡೆಯಬಹುದೇ ಹೊರತು ಉದ್ದನೆಯ ದಪ್ಪ ಕಂಬಿಯನ್ನು ಕಡೆಯಲಾಗದು.

ತೂಕವೇ ಬಲ

ಉಳಿ ಲೋಹವನ್ನು ಕೊರೆಯುವಾಗ ಅಷ್ಟೇ ಬಲದಿಂದ ಲೋಹವೂ ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಯಂತ್ರ ಕೂದಲೆಳೆಯಷ್ಟು ಬಾಗಿದರೂ ಅದರ ಗುರುತು ಲೋಹದ ಮೈಮೇಲೆ ಅಲೆಅಲೆಯಾಗಿ ಮೂಡುತ್ತದೆ; ಯಂತ್ರ ಕಿರುಗುಟ್ಟುತ್ತದೆ. ಕಾರ್ಯಾಗಾರದವರು ಇದನ್ನು ಚಾಟರ್ ಎನ್ನುತ್ತಾರೆ. ಎರಕದ ಕಬ್ಬಿಣದ ತೂಕದ ಬೆಡ್ ಈ ಕಂಪನವನ್ನು ಹೀರಿಕೊಳ್ಳುತ್ತದೆ. ಒಂದೇ ಸ್ವಿಂಗ್‌ನ ಎರಡು ಲೇತ್‌ಗಳಲ್ಲಿ ಆಯ್ಕೆ ಮಾಡಬೇಕಾಗಿ ಬಂದಾಗ, ಬೇರೆಲ್ಲ ಅಂಶಗಳು ಸಮನಾಗಿದ್ದರೆ, ಹೆಚ್ಚು ತೂಗುವುದನ್ನೇ ಆರಿಸುವುದು ಸೂಕ್ತ.

ಕಂಬಿಯ ಬಾಗುವಿಕೆಗೂ ಒಂದು ಲೆಕ್ಕವಿದೆ. ಚಕ್‌ನಿಂದ ಹೊರಚಾಚಿದ ಕಂಬಿಯ ಉದ್ದ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ತುದಿ ಬಾಗುವುದು ಎಂಟು ಪಟ್ಟು. ಆದ್ದರಿಂದ ತೆಳ್ಳನೆಯ ಕಂಬಿಗೆ ಟೇಲ್‌ಸ್ಟಾಕ್‌ನ ಆಸರೆ ಬೇಕು. ಉಳಿಯನ್ನು ಟೂಲ್ ಪೋಸ್ಟ್‌ನಿಂದ ಆದಷ್ಟು ಕಡಿಮೆ ಹೊರಚಾಚಿಸಬೇಕು. ಪುಟ್ಟ ಲೇತ್‌ನ ಅನೇಕ ದೂರುಗಳು ಯಂತ್ರದ ದೋಷದಿಂದಲ್ಲ, ಈ ಲೆಕ್ಕವನ್ನು ಮರೆತದ್ದರಿಂದ ಹುಟ್ಟಿದವು.

ವೇಗದ ಲೆಕ್ಕ

ಸ್ಪಿಂಡಲ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೆಂಬುದು ಲೋಹ ಮತ್ತು ವ್ಯಾಸವನ್ನು ಅವಲಂಬಿಸಿದೆ. ಹೈಸ್ಪೀಡ್ ಸ್ಟೀಲ್ ಉಳಿಯಲ್ಲಿ ಮೆದು ಉಕ್ಕನ್ನು ನಿಮಿಷಕ್ಕೆ ಸುಮಾರು 25 ಮೀಟರ್, ಎರಕದ ಕಬ್ಬಿಣವನ್ನು 18 ಮೀಟರ್, ಹಿತ್ತಾಳೆಯನ್ನು 45 ಮೀಟರ್ ವೇಗದಲ್ಲಿ ಕಡೆಯುವುದು ವಾಡಿಕೆ. ಈ ವೇಗವನ್ನು 1000ದಿಂದ ಗುಣಿಸಿ, ಮಿಲಿಮೀಟರ್‌ಗಳಲ್ಲಿರುವ ವ್ಯಾಸ ಮತ್ತು 3.14ರ ಗುಣಲಬ್ಧದಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ ದೊರೆಯುತ್ತದೆ.

ಈ ಲೆಕ್ಕದಂತೆ 25 ಮಿಲಿಮೀಟರ್ ವ್ಯಾಸದ ಮೆದು ಉಕ್ಕಿಗೆ ಸುಮಾರು 320 ಸುತ್ತು ಸಾಕು. 6 ಮಿಲಿಮೀಟರ್ ಹಿತ್ತಾಳೆ ಕಂಬಿಗೆ ಸುಮಾರು 2,400 ಸುತ್ತು ಬೇಕು. 150 ಮಿಲಿಮೀಟರ್ ವ್ಯಾಸದ ಎರಕದ ಕಬ್ಬಿಣದ ತಟ್ಟೆಗಾದರೋ 40 ಸುತ್ತನ್ನೂ ಮೀರುವಂತಿಲ್ಲ. ಗಡಿಯಾರದ ಭಾಗ, ಮಾದರಿ ಎಂಜಿನ್ ಮಾಡುವವರಿಗೆ ಹೆಚ್ಚಿನ ವೇಗ ಮುಖ್ಯ. ಎರಕದ ಚಕ್ರ, ಥ್ರೆಡ್ ಕಟಿಂಗ್ ಮಾಡುವವರಿಗೆ ಕಡಿಮೆ ವೇಗ ಮುಖ್ಯ. ಜಾಹೀರಾತುಗಳು ಗರಿಷ್ಠ ವೇಗವನ್ನು ದಪ್ಪಕ್ಷರಗಳಲ್ಲಿ ಸಾರುತ್ತವೆ. ಕೊಳ್ಳುವವರು ಕನಿಷ್ಠ ವೇಗವನ್ನೂ ಕೇಳಬೇಕು.

ವೇಗ ಬದಲಿಸುವ ಬಗೆಯಲ್ಲೂ ವ್ಯತ್ಯಾಸವಿದೆ. ಕೋನ್ ಪುಲ್ಲಿ ಮತ್ತು ಬೆಲ್ಟ್ ಇರುವ ಸಾಂಪ್ರದಾಯಿಕ ಲೇತ್‌ನಲ್ಲಿ ಬ್ಯಾಕ್ ಗೇರ್ ಹಾಕಿದರೆ ವೇಗ ತಗ್ಗಿ ಬಲ ಹೆಚ್ಚುತ್ತದೆ. ಇಲೆಕ್ಟ್ರಾನಿಕ್ ನಿಯಂತ್ರಣದ ಮಿನಿ ಲೇತ್‌ಗಳಲ್ಲಿ ಗುಬ್ಬಿ ತಿರುಗಿಸಿ ವೇಗ ತಗ್ಗಿಸಬಹುದಾದರೂ ಅದರೊಡನೆ ಮೋಟಾರಿನ ಶಕ್ತಿಯೂ ತಗ್ಗುತ್ತದೆ. ಅಂತಹ ಯಂತ್ರದಲ್ಲಿ ಎರಡು ಹಂತದ ಗೇರ್ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಸ್ಪಿಂಡಲ್ ರಂಧ್ರ ಮತ್ತು ಥ್ರೆಡ್

ಸ್ಪಿಂಡಲ್ ನಡುವಿನ ರಂಧ್ರದ ವ್ಯಾಸ ಮೇಲ್ನೋಟಕ್ಕೆ ಚಿಕ್ಕ ಸಂಗತಿಯಾಗಿ ತೋರುತ್ತದೆ. ಉದ್ದನೆಯ ಕಂಬಿಯ ತುದಿಯನ್ನಷ್ಟೇ ಕಡೆಯಬೇಕಾದಾಗ ಕಂಬಿಯ ಉಳಿದ ಭಾಗ ಈ ರಂಧ್ರದೊಳಗೆ ಹೋಗಬೇಕು. 180 ಮಿಲಿಮೀಟರ್ ಸ್ವಿಂಗ್‌ನ ಸಾಮಾನ್ಯ ಮಿನಿ ಲೇತ್‌ನಲ್ಲಿ ಇದು 20 ಮಿಲಿಮೀಟರ್. 210 ಮಿಲಿಮೀಟರ್ ಸ್ವಿಂಗ್‌ನ ಮುಂದಿನ ವರ್ಗದ ಕೆಲವು ಮಾದರಿಗಳಲ್ಲಿ 38 ಮಿಲಿಮೀಟರ್. ದಪ್ಪ ಕಂಬಿಗಳನ್ನು ಬಳಸುವವರಿಗೆ ಈ ವ್ಯತ್ಯಾಸ ದೊಡ್ಡದು.

ಥ್ರೆಡ್ ಹಾಕಬೇಕೆಂದಿದ್ದರೆ ಲೀಡ್ ಸ್ಕ್ರೂ ಮಿಲಿಮೀಟರ್ ಅಳತೆಯದೋ ಇಂಚಿನದೋ ಎಂದು ಕೇಳಿ. ಹಳೆಯ ಲೇತ್‌ಗಳಲ್ಲಿ ಇಂಚಿನ ಲೀಡ್ ಸ್ಕ್ರೂ ಸಾಮಾನ್ಯ. ಅದರಲ್ಲಿ ಮೆಟ್ರಿಕ್ ಥ್ರೆಡ್ ನಿಖರವಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು. ಒಂದು ಇಂಚು 25.4 ಮಿಲಿಮೀಟರ್, ಅದರ ಐದರಷ್ಟು ಸರಿಯಾಗಿ 127. ಹಳೆಯ ಯಂತ್ರದೊಂದಿಗೆ ಬದಲಿ ಗೇರ್‌ಗಳ ಪೂರ್ಣ ಸೆಟ್ ಇಲ್ಲದಿದ್ದರೆ ಬೆಲೆಯಲ್ಲಿ ಅದನ್ನು ಕಳೆಯಬೇಕು. ಗೇರ್‌ಗಳು ಬಿಡಿಯಾಗಿ ಸಿಗುವುದು ಸುಲಭವಲ್ಲ.

ಮೂರು ಬಗೆಯ ಯಂತ್ರಗಳು

ಮನೆಗೆ ಹೊಂದುವ ಲೇತ್‌ಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಮೇಜಿನ ಮೇಲಿಡುವ ಚೀನೀ ಮಿನಿ ಲೇತ್. 180 ಮಿಲಿಮೀಟರ್ ಸ್ವಿಂಗ್, 250ರಿಂದ 350 ಮಿಲಿಮೀಟರ್ ಸೆಂಟರ್ ಅಂತರ, ಸುಮಾರು 40 ಕಿಲೊ ತೂಕ. ಇಬ್ಬರು ಸೇರಿ ಎತ್ತಬಹುದು. ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲೇ ಓಡುತ್ತದೆ. ಅನೇಕ ಕಂಪನಿಗಳ ಹೆಸರಿನಲ್ಲಿ ಮಾರಾಟವಾದರೂ ಒಳಗಿನ ವಿನ್ಯಾಸ ಬಹುತೇಕ ಒಂದೇ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೆಲಸಕ್ಕೆ ತೊಡಗುವಂತಿಲ್ಲ. ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಜಾರುಹಳಿಗಳ ಗಿಬ್‌ಗಳನ್ನು ಹೊಂದಿಸಿಕೊಳ್ಳಬೇಕು. ಪ್ಲಾಸ್ಟಿಕ್ ಗೇರ್ ಮತ್ತು ವೇಗ ನಿಯಂತ್ರಣದ ಇಲೆಕ್ಟ್ರಾನಿಕ್ ಬೋರ್ಡ್ ಇದರ ದುರ್ಬಲ ಭಾಗಗಳು. ಇವೆರಡರ ಬಿಡಿಭಾಗ ಭಾರತದಲ್ಲೇ ಸಿಗುವುದೆಂದು ಮಾರಾಟಗಾರರಿಂದ ಬರಹದಲ್ಲಿ ಪಡೆಯುವುದು ಒಳಿತು.

ಎರಡನೆಯದು ನಮ್ಮ ದೇಶದ ಸಣ್ಣ ಲೇತ್. ಪಂಜಾಬಿನ ಬಟಾಲಾ ಮತ್ತು ಲೂಧಿಯಾನಾ, ಗುಜರಾತಿನ ರಾಜಕೋಟ್ ಲೇತ್ ತಯಾರಿಕೆಗೆ ಹೆಸರಾದ ಕೇಂದ್ರಗಳು. ಇಲ್ಲಿಂದ ಬರುವ ಕೋನ್ ಪುಲ್ಲಿಯ ಲೇತ್‌ಗಳು ನೋಡಲು ಒರಟಾದರೂ ಎರಕದ ಕಬ್ಬಿಣದಲ್ಲಿ ಜಿಪುಣತನವಿರುವುದಿಲ್ಲ. ಯಾವುದೇ ಮೂಲೆಯ ಮೆಕ್ಯಾನಿಕ್ ರಿಪೇರಿ ಮಾಡಬಲ್ಲ. ಆದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಗುಣಮಟ್ಟ ಬದಲಾಗುತ್ತದೆ. ಆದ್ದರಿಂದ ಛಾಯಾಚಿತ್ರ ನೋಡಿ ಹಣ ಕಳುಹಿಸುವುದು ಸಲ್ಲದು. ನಾಲ್ಕೂವರೆ ಅಡಿಯ ಯಂತ್ರ ಅರ್ಧ ಟನ್ ಆಸುಪಾಸು ತೂಗುವುದರಿಂದ ಇಡುವ ಜಾಗವನ್ನು ಮೊದಲೇ ಯೋಚಿಸಬೇಕು.

ಮೂರನೆಯದು ಕಾರ್ಖಾನೆಗಳಿಂದ ಹೊರಬಂದ ಹಳೆಯ ಯಂತ್ರ. ಈ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯಿದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಟರ್ನ್‌ಮಾಸ್ಟರ್ ಲೇತ್‌ಗಳು ದೇಶದಾದ್ಯಂತ ಹೆಸರು ಮಾಡಿದ್ದವು. ಕಾರ್ಖಾನೆ ಮುಚ್ಚಿದ ಮೇಲೂ ಯಂತ್ರಗಳು ದುಡಿಯುತ್ತಿವೆ. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ನಮ್ಮೆಲ್ಲರ ಎಚ್‌ಎಂಟಿ, ಕೈಗಡಿಯಾರಕ್ಕೆ ಮುನ್ನ ಜಾಲಹಳ್ಳಿಯಲ್ಲಿ ತಯಾರಿಸಿದ್ದು ಲೇತ್‌ಗಳನ್ನು. ಅದರ ಎಚ್-22, ಎನ್‌ಎಚ್-22 ಮಾದರಿಗಳ ಮೇಲೆ ಕೈ ಪಳಗಿಸಿದ ಟರ್ನರ್‌ಗಳು ಇಂದಿಗೂ ಅವುಗಳ ಬೆಡ್‌ನ ಮಾತು ಬಂದರೆ ಹೆಮ್ಮೆಪಡುತ್ತಾರೆ. ಕಾರ್ಯಾಗಾರಗಳು ಸಿಎನ್‌ಸಿ ಯಂತ್ರಗಳತ್ತ ಹೊರಳಿದಂತೆ ಇಂತಹ ಹಳೆಯ ಲೇತ್‌ಗಳು ಮಾರಾಟಕ್ಕೆ ಬರುತ್ತವೆ. ಹೆಸರಿಗೆ ಮಾರುಹೋಗುವ ಮುನ್ನ ಒಂದು ಎಚ್ಚರ: ಇವು ಟನ್‌ಗಟ್ಟಲೆ ತೂಗುವ, ತ್ರೀ ಫೇಸ್ ವಿದ್ಯುತ್ ಬೇಡುವ ಯಂತ್ರಗಳು. ನೆಲಮಟ್ಟದಲ್ಲಿ ಗಟ್ಟಿ ಕಾಂಕ್ರೀಟ್ ಹಾಸಿನ ಶೆಡ್ ಇರುವವರಿಗಷ್ಟೇ ಇವು ಹೊಂದುತ್ತವೆ. ಮನೆಗೆ ಬೇಕಾದವರು ಶಾಲೆ, ತರಬೇತಿ ಸಂಸ್ಥೆ ಅಥವಾ ಟೂಲ್ ರೂಮ್‌ನಿಂದ ಬಂದ ಸಣ್ಣ ಲೇತ್ ಹುಡುಕುವುದು ಜಾಣತನ.

ಹಳೆಯ ಲೇತ್ ಪರೀಕ್ಷಿಸುವ ಬಗೆ

ಹೊಸ ಬಣ್ಣಕ್ಕೆ ಮರುಳಾಗಬೇಡಿ. ಹಳೆಯ ಯಂತ್ರಕ್ಕೆ ಹೊಸ ಬಣ್ಣ ಬಳಿದಿದ್ದರೆ ಅದರಡಿ ಎರಕದ ಬಿರುಕನ್ನು ಬೆಸುಗೆ ಹಾಕಿ ಮುಚ್ಚಿರುವ ಸಾಧ್ಯತೆಯೂ ಇದೆ. 0.01 ಮಿಲಿಮೀಟರ್ ಅಳೆಯುವ ಡಯಲ್ ಗೇಜ್, ಒಂದು ನೇರ ಕಂಬಿ, ಒಂದು ಮೈಕ್ರೊಮೀಟರ್ ಕೈಯಲ್ಲಿರಲಿ. ಪರಿಚಯದ ಟರ್ನರ್ ಒಬ್ಬರು ಜತೆಗಿದ್ದರೆ ಇನ್ನೂ ಒಳಿತು. ಪರೀಕ್ಷೆಯ ಕ್ರಮ ಹೀಗಿದೆ.

ಒಂದು, ಬೆಡ್. ಲೇತ್‌ನ ಬಹುಪಾಲು ಕೆಲಸ ಚಕ್‌ನ ಬಳಿಯೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲಿಯೇ. ಚಕ್‌ನ ಬಳಿ ಸ್ಯಾಡಲ್ ಅಲುಗದಂತೆ, ಆದರೆ ಸರಾಗವಾಗಿ ಸರಿಯುವಂತೆ ಗಿಬ್ ಬಿಗಿ ಮಾಡಿಸಿ. ಬಳಿಕ ಸ್ಯಾಡಲ್ ಅನ್ನು ಟೇಲ್‌ಸ್ಟಾಕ್ ತುದಿಗೆ ತಳ್ಳಿ. ಅಲ್ಲಿ ಸಿಕ್ಕಿಕೊಂಡು ನಿಂತರೆ ಚಕ್ ಬಳಿ ಬೆಡ್ ಸವೆದಿದೆ ಎಂದರ್ಥ. ಬೆಡ್ ಅನ್ನು ಮತ್ತೆ ಗ್ರೈಂಡ್ ಮಾಡಿಸುವ ಖರ್ಚು ಸಣ್ಣ ಯಂತ್ರಕ್ಕೆ ಎಂದೂ ಗಿಟ್ಟುವುದಿಲ್ಲ.

ಎರಡು, ಸ್ಪಿಂಡಲ್. ಡಯಲ್ ಗೇಜ್‌ನ ಮುಳ್ಳನ್ನು ಚಕ್‌ಗಲ್ಲ, ಸ್ಪಿಂಡಲ್ ಮೂತಿಯ ನುಣುಪಾದ ಮೈಗೆ ತಾಗಿಸಿ ಕೈಯಿಂದ ತಿರುಗಿಸಿ. ಉತ್ತಮ ಲೇತ್‌ನಲ್ಲಿ ಓಲಾಟ 0.01 ಮಿಲಿಮೀಟರ್ ಮೀರಬಾರದು. ಬಳಿಕ ಚಕ್‌ನಲ್ಲಿ ಗಟ್ಟಿ ಕಂಬಿ ಹಿಡಿದು ಮೇಲಕ್ಕೆ ಮೀಟಿ ನೋಡಿ. ಮುಳ್ಳು ಜಿಗಿದರೆ ಬೇರಿಂಗ್ ಸವೆದಿದೆ ಅಥವಾ ಸಡಿಲವಾಗಿದೆ. ಯಂತ್ರವನ್ನು ಎಲ್ಲ ವೇಗಗಳಲ್ಲೂ ಓಡಿಸಿ, ಕಿವಿಗೊಟ್ಟು ಕೇಳಿ. ಒಂದೇ ಲಯದಲ್ಲಿ ಮರುಕಳಿಸುವ ಟಕ್ ಟಕ್ ಸದ್ದು ಮುರಿದ ಗೇರ್ ಹಲ್ಲಿನ ಸೂಚನೆ.

ಮೂರು, ಸ್ಕ್ರೂಗಳು. ಕ್ರಾಸ್ ಸ್ಲೈಡ್ ಹಿಡಿಕೆಯನ್ನು ಹಿಂದೆ ಮುಂದೆ ತಿರುಗಿಸಿ ಎಷ್ಟು ವ್ಯರ್ಥವಾಗಿ ತಿರುಗುತ್ತದೆ ನೋಡಿ. ಸ್ವಲ್ಪ ಸಡಿಲ ಇದ್ದರೆ ಚಿಂತೆಯಿಲ್ಲ. ನಟ್ ಬದಲಿಸುವುದು ಸುಲಭ. ಲೀಡ್ ಸ್ಕ್ರೂ ಮತ್ತು ಹಾಫ್ ನಟ್ ಸವೆದಿದ್ದರೆ ಥ್ರೆಡ್ ಕೆಡುತ್ತದೆ.

ನಾಲ್ಕು, ಕಡೆದು ನೋಡುವುದು. 25 ಮಿಲಿಮೀಟರ್ ಕಂಬಿಯೊಂದನ್ನು ಚಕ್‌ಗೆ ಹಿಡಿದು, ಟೇಲ್‌ಸ್ಟಾಕ್ ಆಸರೆಯಿಲ್ಲದೆ, 100 ಮಿಲಿಮೀಟರ್ ಅಂತರದ ಎರಡು ಕಡೆ ಒಂದೇ ಸೆಟ್ಟಿಂಗ್‌ನಲ್ಲಿ ತೆಳುವಾಗಿ ಕಡೆಯಿಸಿ. ಎರಡೂ ವ್ಯಾಸಗಳನ್ನು ಅಳೆಯಿರಿ. ವ್ಯತ್ಯಾಸ 0.02 ಮಿಲಿಮೀಟರ್ ಒಳಗಿದ್ದರೆ ಮನೆಯ ಕೆಲಸಕ್ಕೆ ಧಾರಾಳ. ಹೆಚ್ಚಿದ್ದರೆ ಕೂಡಲೇ ತಿರಸ್ಕರಿಸಬೇಕಿಲ್ಲ. ನೆಲ ಸಮವಿಲ್ಲದೆ ಬೆಡ್ ತಿರುಚಿಕೊಂಡಿದ್ದರೂ ಹೀಗಾಗುತ್ತದೆ. ಮಟ್ಟ ಮಾಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಮಾರುವವರು ಯಂತ್ರ ಓಡಿಸಿ ತೋರಿಸಲು ಒಪ್ಪದಿದ್ದರೆ ಅದನ್ನೇ ಉತ್ತರವೆಂದು ತಿಳಿದು ಹಿಂದಿರುಗಿ.

ವಿದ್ಯುತ್ ಮತ್ತು ಜಾಗ

ಒಂದು ಅಶ್ವಶಕ್ತಿ ಎಂದರೆ 746 ವಾಟ್. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ ಇಷ್ಟು ಶಕ್ತಿಯ ಮೋಟಾರ್ ಪೂರ್ಣ ಹೊರೆಯಲ್ಲಿ ಆರೇಳು ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್‌ಗೆ ಲೇತ್ ಜೋಡಿಸುವುದು ಅಪಾಯಕರ. ಪ್ರತ್ಯೇಕ ವೈರಿಂಗ್, 16 ಆಂಪಿಯರ್ ಸಾಕೆಟ್, ಪ್ರತ್ಯೇಕ ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯ. ತ್ರೀ ಫೇಸ್ ಮೋಟಾರ್ ಇರುವ ಹಳೆಯ ಸಣ್ಣ ಲೇತ್ ಸಿಕ್ಕರೆ, ಸಿಂಗಲ್ ಫೇಸ್ ಪಡೆದು ತ್ರೀ ಫೇಸ್ ನೀಡುವ ವಿಎಫ್‌ಡಿ ಸಾಧನದಿಂದ ಓಡಿಸಬಹುದು. ಆದರೆ ಈ ಸಾಧನ ಕೊಡುವುದು 230 ವೋಲ್ಟ್. ಮೋಟಾರ್ 415 ವೋಲ್ಟ್‌ಗೆ ಸ್ಟಾರ್ ಜೋಡಣೆಯಲ್ಲಿದ್ದರೆ ಅದನ್ನು ಡೆಲ್ಟಾ ಜೋಡಣೆಗೆ ಬದಲಿಸಲು ಬರುವುದೇ ಎಂದು ನುರಿತ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ. ಹಣ ಪಡೆದು ಜಾಬ್ ವರ್ಕ್ ಮಾಡುವ ಉದ್ದೇಶವಿದ್ದರೆ ಗೃಹಬಳಕೆಯ ಸಂಪರ್ಕ ಸಾಲದು. ಬೆಸ್ಕಾಂ ಕಚೇರಿಯಲ್ಲಿ ತಕ್ಕ ಸಂಪರ್ಕದ ಬಗ್ಗೆ, ಸ್ಥಳೀಯ ಸಂಸ್ಥೆಯಲ್ಲಿ ಪರವಾನಗಿಯ ಬಗ್ಗೆ ವಿಚಾರಿಸಬೇಕು.

ವಿದ್ಯುತ್ ಕೈಕೊಡುವುದು ನಮ್ಮಲ್ಲಿ ಅಪರೂಪವಲ್ಲ. ಕರೆಂಟ್ ಹೋದಾಗ ಸಾಮಾನ್ಯ ಸ್ವಿಚ್ ಹಾಗೆಯೇ ಒತ್ತಿಕೊಂಡಿರುತ್ತದೆ. ನೀವು ಚಕ್ ಬಿಚ್ಚುತ್ತಿರುವಾಗ ಕರೆಂಟ್ ಮರಳಿದರೆ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಇದನ್ನು ತಡೆಯುವ ನೋ ವೋಲ್ಟ್ ಸ್ವಿಚ್ ಅಥವಾ ಮೋಟಾರ್ ಸ್ಟಾರ್ಟರ್ ಇಲ್ಲದ ಲೇತ್‌ಗೆ, ಕೊಂಡ ದಿನವೇ ಅದನ್ನು ಹಾಕಿಸಿ.

ವಾಸದ ಮನೆಯ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೊ ಹೊರೆಗೆಂದು ವಿನ್ಯಾಸಗೊಳಿಸಿರುತ್ತಾರೆ. 40 ಕಿಲೊ ಮಿನಿ ಲೇತ್ ಗಟ್ಟಿ ಮೇಜಿನ ಮೇಲೆ ಎಲ್ಲಿದ್ದರೂ ಸರಿ. ಅರ್ಧ ಟನ್ ಯಂತ್ರದ ಜಾಗ ನೆಲ ಅಂತಸ್ತು ಮಾತ್ರ. ಅಪಾರ್ಟ್‌ಮೆಂಟ್ ನಿವಾಸಿಗಳು ಕೆಳಮನೆಯವರ ನಿದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಂತ್ರದ ಹಿಂದೆ ಕಸ ಗುಡಿಸಲು, ಎಡಗಡೆ ಉದ್ದ ಕಂಬಿ ತೂರಿಸಲು ಜಾಗ ಬಿಡುವುದನ್ನು ಮರೆಯಬಾರದು.

ಯಂತ್ರದ ಬೆಲೆಯೇ ಪೂರ್ತಿ ಬೆಲೆಯಲ್ಲ

ಹೊಸ ಲೇತ್‌ಗೆ ಶೇ 18ರಷ್ಟು ಜಿಎಸ್‌ಟಿ ತೆರಬೇಕು. ಸಾಗಣೆ, ಇಳಿಸುವ ಕ್ರೇನ್ ಅಥವಾ ಹಮಾಲಿ, ವೈರಿಂಗ್ ಖರ್ಚುಗಳು ಪ್ರತ್ಯೇಕ. ಅದಕ್ಕಿಂತ ಮುಖ್ಯವಾದದ್ದು ಸಲಕರಣೆಗಳ ವೆಚ್ಚ. ಕಾರ್ಯಾಗಾರದವರು ಟ್ರೂ ಚಕ್ ಎನ್ನುವ ಮೂರು ದವಡೆಯ ಚಕ್ ದುಂಡನೆಯ ಕಂಬಿಗೆ. ಡಾಗ್ ಚಕ್ ಎನ್ನುವ ನಾಲ್ಕು ದವಡೆಯದು ಚೌಕ, ಓರೆಕೋರೆ ತುಂಡುಗಳಿಗೆ ಮತ್ತು ಅತಿ ನಿಖರವಾಗಿ ಕೂರಿಸುವುದಕ್ಕೆ. ಎರಡೂ ಬೇಕು. ಜತೆಗೆ ಡ್ರಿಲ್ ಚಕ್, ತಿರುಗುವ ಸೆಂಟರ್, ಹೈಸ್ಪೀಡ್ ಸ್ಟೀಲ್ ಉಳಿಗಳು, ಅವುಗಳನ್ನು ಮಸೆಯಲು ಬೆಂಚ್ ಗ್ರೈಂಡರ್, ವರ್ನಿಯರ್, ಮೈಕ್ರೊಮೀಟರ್, ಡಯಲ್ ಗೇಜ್ ಬೇಕಾಗುತ್ತವೆ. ಒಟ್ಟು ಹಣದ ಮೂರನೇ ಒಂದು ಭಾಗವನ್ನಾದರೂ ಇವುಗಳಿಗೆ ಮೀಸಲಿಡುವುದು ವಿವೇಕ. ಇದ್ದಬದ್ದ ಹಣವನ್ನೆಲ್ಲ ಯಂತ್ರಕ್ಕೆ ಸುರಿದವರು ಉಳಿಯಿಲ್ಲದ ಲೇತ್‌ನ ಮುಂದೆ ಕೈಕಟ್ಟಿ ಕೂರಬೇಕಾಗುತ್ತದೆ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆ ಮತ್ತು ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಇವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು.

ಹೊಸಬರು ಕಾರ್ಬೈಡ್ ಉಳಿಗಳತ್ತ ಮೊದಲೇ ಓಡಬೇಕಿಲ್ಲ. ಕಾರ್ಬೈಡ್‌ಗೆ ಹೆಚ್ಚಿನ ವೇಗವೂ ಗಟ್ಟಿಯಾದ ಯಂತ್ರವೂ ಬೇಕು. ಪುಟ್ಟ ಲೇತ್‌ನಲ್ಲಿ ಚೆನ್ನಾಗಿ ಮಸೆದ ಹೈಸ್ಪೀಡ್ ಸ್ಟೀಲ್ ಉಳಿ ಸುಲಭವಾಗಿ ಕೊರೆಯುತ್ತದೆ. ಮಸೆಯುವುದನ್ನು ಕಲಿತಂತೆಯೂ ಆಗುತ್ತದೆ.

ಕಲಿಯದೆ ಮುಟ್ಟದಿರಿ

ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಟರ್ನರ್ ವೃತ್ತಿಯ ಕೋರ್ಸ್ ಎರಡು ವರ್ಷದ್ದು ಎಂಬುದನ್ನು ಗಮನಿಸಿದರೆ ಇದು ವಿಡಿಯೊ ನೋಡಿ ಒಂದು ಸಂಜೆಯಲ್ಲಿ ಕಲಿಯುವ ವಿದ್ಯೆಯಲ್ಲ ಎಂಬುದು ತಿಳಿಯುತ್ತದೆ. ಭಾರತ ಮತ್ತು ಡೆನ್ಮಾರ್ಕ್ ಸಹಯೋಗದಲ್ಲಿ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಈ ಕ್ಷೇತ್ರದಲ್ಲಿ ತರಬೇತಿ ನೀಡುತ್ತದೆ. ಅಷ್ಟು ಬಿಡುವಿಲ್ಲದವರು ಬಡಾವಣೆಯ ನಿವೃತ್ತ ಟರ್ನರ್ ಒಬ್ಬರ ಬಳಿ ಕೆಲವು ಭಾನುವಾರಗಳನ್ನು ಕಳೆದರೂ ಲಾಭವೇ. ತುಮಕೂರು ರಸ್ತೆಯ ಮಾದಾವರದಲ್ಲಿ ನಡೆಯುವ ಇಮ್ಟೆಕ್ಸ್ ಯಂತ್ರೋಪಕರಣ ಪ್ರದರ್ಶನ, 2025ರ ಜನವರಿಯಲ್ಲಿ ನಡೆದಂತಹದು, ಮತ್ತೆ ಬಂದಾಗ ಒಮ್ಮೆ ಸುತ್ತಿ ಬಂದರೆ ಯಂತ್ರಗಳ ಪರಿಚಯವಾಗುತ್ತದೆ.

ಸುರಕ್ಷತೆಯ ನಿಯಮಗಳು ಕೆಲವೇ. ಆದರೆ ಒಂದಕ್ಕೂ ವಿನಾಯಿತಿಯಿಲ್ಲ. ಚಕ್ ಕೀಯನ್ನು ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬಾರದು. ಹಾಗೆಯೇ ಸ್ವಿಚ್ ಒತ್ತಿದರೆ ಅದು ಗುಂಡಿನಂತೆ ಹಾರುತ್ತದೆ. ಕೈಗವಸು ಹಾಕಿ ಲೇತ್ ನಡೆಸಬಾರದು. ರಕ್ಷಣೆಗೆಂದು ಹಾಕಿದ ಅದೇ ಗವಸು ಕೈಯನ್ನು ಒಳಕ್ಕೆಳೆಯುತ್ತದೆ. ಲುಂಗಿ, ಹೆಗಲ ಮೇಲಿನ ಟವೆಲ್, ದುಪಟ್ಟಾ, ಇಳಿಬಿಟ್ಟ ಜಡೆ, ಬಳೆ, ಉಂಗುರ, ಕೈದಾರ, ಕಚೇರಿಯಿಂದ ಬಂದವರ ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ಪಟ್ಟಿ, ಇವೆಲ್ಲ ತಿರುಗುವ ಚಕ್‌ಗೆ ಆಹಾರ. ಚಿಪ್ಸ್ ಎನ್ನುವ ಲೋಹದ ಸುರುಳಿ ಬ್ಲೇಡಿನಷ್ಟು ಹರಿತ ಮತ್ತು ಸುಡುವಷ್ಟು ಬಿಸಿ. ಯಂತ್ರ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಬೇಕು. ಕನ್ನಡಕ ಧರಿಸಬೇಕು. ಮಕ್ಕಳಿರುವ ಮನೆಯಲ್ಲಿ ಕೋಣೆಗೆ ಬೀಗವಿರಬೇಕು. ದಣಿದಾಗ, ನಿದ್ದೆ ಎಳೆಯುವಾಗ ಯಂತ್ರದ ಬಳಿ ಸುಳಿಯಬಾರದು.

ಕೊನೆಯ ಮಾತು

ಅಪಾರ್ಟ್‌ಮೆಂಟ್‌ನಲ್ಲಿದ್ದು ಹಿತ್ತಾಳೆ, ಅಲ್ಯೂಮಿನಿಯಂನ ಚಿಕ್ಕ ಕೆಲಸ ಮಾಡುವವರಿಗೆ 180 ಮಿಲಿಮೀಟರ್ ಮಿನಿ ಲೇತ್ ಸಾಕು. ಉಕ್ಕಿನ ಕೆಲಸ ಹೆಚ್ಚಿದ್ದು ಹಣಕ್ಕೆ ತುಸು ಅನುಕೂಲವಿರುವವರಿಗೆ 210 ಮಿಲಿಮೀಟರ್ ವರ್ಗದ, ದೊಡ್ಡ ಸ್ಪಿಂಡಲ್ ರಂಧ್ರದ ಯಂತ್ರ ಸೂಕ್ತ. ನೆಲ ಅಂತಸ್ತಿನಲ್ಲಿ ಶೆಡ್ ಇದ್ದು, ಆಗೊಮ್ಮೆ ಈಗೊಮ್ಮೆ ಸಂಪಾದನೆಯ ಕೆಲಸವನ್ನೂ ಮಾಡಬೇಕೆನ್ನುವ ಅನುಭವಿಗೆ ಪರೀಕ್ಷಿಸಿ ಕೊಂಡ ಹಳೆಯ ಲೇತ್ ಅಥವಾ ದೇಶೀಯ ಸಣ್ಣ ಲೇತ್ ಒಳ್ಳೆಯದು. ಈ ಮೂರಕ್ಕೂ ಮೀರಿದ ಕೆಲಸ ಬಂದರೆ ಪಕ್ಕದ ಬೀದಿಯ ಕಾರ್ಯಾಗಾರವಿದೆ. ಅಲ್ಲಿಗೆ ತುಂಡು ಹಿಡಿದು ಹೋದಾಗ ಕೆಲಸ ಮುಗಿಯುವವರೆಗೆ ನಿಂತು ನೋಡಿ. ನುರಿತ ಕೈಯೊಂದು ಕಡೆಯುವುದನ್ನು ಕಂಡು ಕಲಿತದ್ದು ಮನೆಯ ಪುಟ್ಟ ಲೇತ್‌ನ ಮೇಲೆಯೂ ಉಪಯೋಗಕ್ಕೆ ಬರುತ್ತದೆ.